ಬಾಗಿಲಾಚೆ ನಿಂತ ಸರ್ಕಾರ

ಚಿಯಾ ದಡ
೨ ಜೂನ್ ೧೯೯೭

ನನ್ನಕ್ಕನ ಮಗಳು ತಿಸುಂಗೆಗೆ ನಿನ್ನ ಸೋದರಮಾವ ಜೈಲೋಸಿ ಬರೆಯುವುದು.

ಮೊದಲಿಗೆ ಒಂದು ವಿಷಯ ತಿಳಿದಿರಲಿ. ಈಗ ಮಲಾವಿ ದೇಶದ ಪೊಲೀಸ್ ಇಲಾಖೆಯನ್ನು ನಡೆಸುತ್ತಿರುವವನು ನಾನೇ. ಜಿಲ್ಲಾ ಕಚೇರಿಗಳಿರುವ ಬೋಮಾದ ಠಾಣೆಯಲ್ಲಿ ನಾನು ಹೂಂ ಅನ್ನದೆ ಒಬ್ಬ ಪೇದೆಯೂ ಬೂಟಿನ ದಾರ ಕಟ್ಟುವುದಿಲ್ಲ. ಮೊನ್ನೆ ಸಾಹೇಬರ ಕುರ್ಚಿಯನ್ನೇ ಎಳೆದು ನನಗೆ ಕೊಟ್ಟರು. ನಾನು ಕೂತೆದ್ದ ಮೇಲೆ ಆ ಕುರ್ಚಿ ಇನ್ಯಾರಿಗೂ ಒಗ್ಗುತ್ತಿಲ್ಲವಂತೆ. ಮೂರನೇ ಕ್ಲಾಸು ಓದಿ ಬಲೆ ಹೊಲಿಯುವವನಿಗೆ ಇಷ್ಟು ಮರ್ಯಾದೆ ಈ ಸರೋವರದ ಸುತ್ತಮುತ್ತ ಯಾರೂ ಕಂಡಿಲ್ಲ.

ಅಲ್ಲಿ ಚಳಿ ಶುರುವಾಗಿರಬೇಕು. ಕಂಬಳಿ ಹೊದ್ದುಕೋ. ಇಲ್ಲಿ ಉಸಿಪಾ ಮೀನು ಈ ಸಲ ಧಾರಾಳ. ದಡದ ಚಾಪೆಗಳೆಲ್ಲ ಬೆಳ್ಳಿ ಬಳಿದ ಹಾಗಿವೆ. ನನ್ನ ಮೇಕೆ ಅವಳಿ ಮರಿ ಹಾಕಿದೆ.

ನಿಮ್ಮಮ್ಮ ಮನೆಗೆ ಬಂದಿಲ್ಲ.

ಒಣಮೀನಿನ ಬುಟ್ಟಿ ಹೊತ್ತು ಸಂತೆಗೆ ಹೋದವಳು. ಸಂತೆಯಿಂದ ಯಾವುದೋ ಪಿಕಪ್ ಗಾಡಿಯ ಹಿಂದೆ ಹತ್ತಿದ್ದನ್ನು ನೋಡಿದವರಿದ್ದಾರೆ, ಇಳಿದದ್ದನ್ನು ನೋಡಿದವರಿಲ್ಲ. ಮಳೆಗಾಲದಲ್ಲಿ ಅವಳಿಗೆ ಬಂದಿದ್ದ ಜ್ವರ ತಲೆಗೇರಿತ್ತು. ಆಮೇಲೆ ಕೆಲವೊಮ್ಮೆ ಮೇಕೆಯನ್ನು ನಿನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ನಿನಗೆ ಬರೆದಿರಲಿಲ್ಲ. ದೂರದಲ್ಲಿರುವವಳಿಗೆ ಯಾಕೆ ಎಂದುಕೊಂಡೆ.

ಸಬ್ ಇನ್ಸ್‌ಪೆಕ್ಟರ್ ತಿಯಮೀಕೆ ಎನ್ನುವ ಹೆಂಗಸು ದೂರು ಬರೆದುಕೊಂಡಳು. ನನ್ನ ಮಗಳ ವಯಸ್ಸಿನವಳು. ನಾನು ನಮ್ಮ ವಂಶದ ಹಿರಿಮೆಯಿಂದ ಶುರು ಮಾಡಿದರೆ ನಡುವೆ ಕೈಯೆತ್ತಿ ತಡೆದಳು. "ಯಜಮಾನ್ರೇ, ನಿಮ್ ತಾತ ಸಿಂಹ ಹೊಡೆದಿದ್ದು ಆಮೇಲೆ ಬರ್ಕೋತೀನಿ. ಅಕ್ಕ ಏನುಟ್ಟಿದ್ರು?" ಗಿನಿಕೋಳಿ ಚಿತ್ರದ ನೀಲಿ ಚಿತೆಂಜೆ ಎಂದೆ. ಕಾಲಲ್ಲಿ ಏನೂ ಇರಲಿಲ್ಲ ಎಂದೆ. ಅದನ್ನು ಹೇಳುವಾಗ ಆ ಕುರ್ಚಿ ಯಾಕೋ ಚುಚ್ಚಿತು.

ನೀನು ಹೊರಟು ಬರಬೇಡ. ಅಕ್ಕನ ಮಕ್ಕಳಿಗೆ ಮಾವನೇ ಗೋಡೆ ಎಂದು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಗೋಡೆ ನಿಂತಿದೆ.

ಇಂತು ನಿನ್ನ ಮಾವ,
ಸರೋವರದ ಚಿರತೆ ಜೈಲೋಸಿ


ಜೋಹಾನ್ಸ್‌ಬರ್ಗ್
೧೪ ಜೂನ್ ೧೯೯೭

ಮಾವನಿಗೆ ತಿಸುಂಗೆ ಮಾಡುವ ವಂದನೆಗಳು.

ನಿನ್ನ ಕಾಗದದಲ್ಲಿ ಮೊದಲು ಕುರ್ಚಿ ಬಂತು, ಆಮೇಲೆ ಮೀನು, ಆಮೇಲೆ ಮೇಕೆಯ ಅವಳಿ ಮರಿ. ಅವೆಲ್ಲ ಆದ ಮೇಲೆ ನನ್ನ ಅಮ್ಮ. ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಓದಿದೆ. ಹಬೆಗೆ ಕಾಗದ ಮೆತ್ತಗಾಯಿತು. ಮತ್ತೆ ಓದಿದೆ, ನೀನು ತಮಾಷೆಗೆ ಬರೆದಿದ್ದೀಯೇನೋ ಅಂತ.

ಅಮ್ಮ ಮೇಕೆಯನ್ನು ನನ್ನ ಹೆಸರು ಹಿಡಿದು ಕರೆದಾಗಲೇ ಬರೆಯಬೇಕಿತ್ತು, ಮಾವ.

ನನಗೆ ಇಲ್ಲಿ ಸರಿಯಾದ ಕಾಗದಪತ್ರ ಇಲ್ಲ. ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಇಲ್ಲಿಯ ಸಂಬಳ ನಿಂತರೆ ಅಲ್ಲಿಯ ಒಲೆ ನಿಲ್ಲುತ್ತದೆ. ಬಸ್ಸಿನ ಡ್ರೈವರ್ ಕೈಲಿ ಹಣ ಕಳಿಸಿದ್ದೇನೆ. ಅಮ್ಮ ಸಿಕ್ಕ ದಿನವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು, ಅದಕ್ಕೆ.

ಪೊಲೀಸರು ಏನು ಮಾಡುತ್ತಿದ್ದಾರೆ ಅಂತ ಬರೆ. ನೀನು ಏನು ಮಾಡುತ್ತಿದ್ದೀಯ ಅಂತಲ್ಲ.

ತಿಸುಂಗೆ


ಚಿಯಾ ದಡ
೨೯ ಜೂನ್ ೧೯೯೭

ಮುದ್ದಿನ ಸೊಸೆಗೆ,

ನಿನ್ನ ಮಾವ ಗೆದ್ದ! ನಿಮ್ಮಮ್ಮ ಎಲ್ಲಿದ್ದಾಳೆಂದು ಇಡೀ ಇಲಾಖೆಗೆ ತಿಳಿಯದ್ದನ್ನು ನಾನೊಬ್ಬನೇ ಪತ್ತೆ ಮಾಡಿದೆ. ಸೈಕಲ್ಲಿನಲ್ಲಿ ಊರೂರು ಸುತ್ತುತ್ತ ಹೆದ್ದಾರಿಯ ಆಚೆ ಸೋಸ್ತೇನಿಯ ಮನೆ ಹತ್ತಿರ ಹೋಗಿದ್ದೆ. ಶೇಂಗಾ ವ್ಯಾಪಾರಿ ಸೋಸ್ತೇನಿ ಗೊತ್ತಲ್ಲ, ಮೂರು ಉಗ್ರಾಣ, ಸುತ್ತ ಇಟ್ಟಿಗೆ ಗೋಡೆ. ಗೋಡೆಯೊಳಗೆ ನಿಮ್ಮಮ್ಮ ಜೋಳ ಕುಟ್ಟುತ್ತಿದ್ದಳು. ಕಣ್ಣಾರೆ ಕಂಡೆ.

ತಿಯಮೀಕೆಯನ್ನು ಕರೆದು ತಂದೆ. ಈಗ ಕೇಳು ಆಶ್ಚರ್ಯ. ಸೊಂಟದಲ್ಲಿ ಪಿಸ್ತೂಲು, ಹಿಂದೆ ಇಬ್ಬರು ಪೇದೆಗಳು. ಹಾಗಿದ್ದೂ ಅವಳು ಗೇಟಿನಿಂದ ಮೂರು ಮಾರು ಆಚೆ ನಿಂತು, ನಾವು ಯಾರ ಅಂಗಳಕ್ಕೆ ಹೋದರೂ ಕೂಗುತ್ತೇವಲ್ಲ, ಹಾಗೆ "ಬರಬಹುದಾ?" ಎಂದು ಕೂಗಿದಳು. ಸೋಸ್ತೇನಿ ಗೇಟಿಗೆ ಬಂದ.

"ನಮ್ಮನೇಲಿ ಹೊರಗಿನ ಹೆಂಗಸ್ರು ಯಾರೂ ಇಲ್ಲ."

"ಒಳಗೆ ಬಂದು ಒಂದ್ಸಲ ನೋಡ್ಬಹುದಾ?"

"ಬೇಡ."

"ಸರಿ" ಎಂದು ಇವಳು ತಿರುಗಿಯೇಬಿಟ್ಟಳು!

ನಾನು ಬಿಡುತ್ತೇನೆಯೇ? "ಒದೀರಿ ಮೇಡಂ ಗೇಟನ್ನ!"

"ಯಾರ್ ಗೇಟು ಯಜಮಾನ್ರೇ, ನಿಮ್ದಾ ನಂದಾ?"

"ಕಳ್ಳಂದು!"

"ಕಳ್ಳ ಅಂತ ನೀವು ಹೇಳ್ತಿದೀರಿ. ಒಳಗೆ ಯಾರಾದ್ರೂ ಕಿರುಚಿಕೊಂಡ್ರೆ ಈ ಕ್ಷಣ ನುಗ್ತೀನಿ. ಕಿರುಚ್ತಿದಾರಾ?" ಒಳಗೊಂದು ಹುಂಜ ಕೂಗಿತು, ಅಷ್ಟೇ. "ಹಂಗಾದ್ರೆ ವಾರಂಟ್ ಬೇಕು. ಅದಿಲ್ದೆ ಹೋದ್ರೆ ನಾನೂ ದಾರೀಲಿ ಹೋಗೋ ಒಬ್ಬ ಹೆಂಗ್ಸು."

"ಪಿಸ್ತೂಲ್ ಇಟ್ಕೊಂಡ ಹೆಂಗ್ಸು!"

"ಪಿಸ್ತೂಲು ಬೀಗದಕೈ ಅಲ್ಲ ಯಜಮಾನ್ರೇ."

ನನಗೆ ಹಳೇ ಕಾಲ ನೆನಪಾಯಿತು. ನೀನಾಗ ಅಮ್ಮನ ಬೆನ್ನ ಮೇಲಿದ್ದೆ. ಒಂದೇ ಪಕ್ಷ ದೇಶ ಆಳುತ್ತಿದ್ದ ದಿನಗಳು. ಪಕ್ಷದ ಹುಡುಗರು ಸದಸ್ಯತ್ವದ ಚೀಟಿ ತೋರಿಸಿ ಎಂದು ಬಾಗಿಲು ಒದ್ದುಕೊಂಡೇ ಬಂದರು. ನಿಮ್ಮಮ್ಮ ಚೀಟಿ ಹುಡುಕುವಷ್ಟರಲ್ಲಿ ಹಿಟ್ಟಿನ ಮಡಕೆಗಳನ್ನು ಮಗುಚಿ ಹಾಕಿದ್ದರು. ವರ್ಷದ ಹಿಟ್ಟು ನೆಲದ ಪಾಲು. ಅಂದು ಅವರಿಗೆ ಯಾವ ವಾರಂಟು ಬೇಕಿತ್ತು? ಇವಳು ನೋಡಿದರೆ ಒಬ್ಬ ಶೇಂಗಾ ವ್ಯಾಪಾರಿ ಬೇಡ ಎಂದನೆಂದು ಸರ್ಕಾರವನ್ನೇ ಹಿಂದಕ್ಕೆ ತಿರುಗಿಸಿಕೊಂಡು ಹೊರಟಳು. ನನಗೆ ಮೈಯೆಲ್ಲ ಉರಿ. ಆ ಉರಿಯೊಳಗೆ ಇನ್ನೊಂದು ಏನೋ. ಅದಕ್ಕೆ ಹೆಸರು ಗೊತ್ತಾಗಲಿಲ್ಲ.

ಕೋರ್ಟಿಗೆ ಹೋದೆವು. ಮ್ಯಾಜಿಸ್ಟ್ರೇಟ್ ಮಸೇಯ ಎಂಬ ಮುದುಕರು, ಕಪ್ಪೆಗಣ್ಣಿನ ಕನ್ನಡಕ. ತಿಯಮೀಕೆ ಬೈಬಲ್ ಮುಟ್ಟಿ ಪ್ರಮಾಣ ಮಾಡಿ, ಯಾರು ಕಾಣೆಯಾಗಿದ್ದಾರೆ, ಯಾವ ಮನೆ ನೋಡಬೇಕು, ಅಲ್ಲೇ ಇದ್ದಾರೆಂದು ನಂಬಲು ಏನು ಕಾರಣ, ಎಲ್ಲ ಬರೆದದ್ದನ್ನು ಓದಿದಳು. ಕಾರಣ ಅಂದರೆ ನಾನು. ನಾನೂ ಪ್ರಮಾಣ ಮಾಡಿದೆ.

"ಕಣ್ಣಾರೆ ನೋಡಿದಿರಾ?"

"ನೋಡಿದೆ ಸ್ವಾಮಿ, ಈ ಮೇಜಿನಷ್ಟು ಹತ್ತಿರದಿಂದ."

"ಗೋಡೆ ಎಷ್ಟೆತ್ತರ?"

"ಆನೆಯೆತ್ತರ."

"ನೀವೆಷ್ಟೆತ್ತರ?"

ಹಿಂದೆ ಯಾರೋ ಕಿಸಕ್ಕೆಂದರು. ಸೈಕಲ್ ಸೀಟಿನ ಮೇಲೆ ನಿಂತಿದ್ದೆ ಎಂದೆ. "ಸೈಕಲ್ ಯಾರು ಹಿಡ್ಕೊಂಡಿದ್ರು?" ಯಾರೂ ಇಲ್ಲ, ತಾನಾಗಿಯೇ ನಿಂತಿತ್ತು ಎಂದೆ. ಮುದುಕರು ಪೆನ್ನಿನ ಮುಚ್ಚಳ ಹಾಕಿದರು. "ಒಬ್ಬನ ಮನೆ ಬಾಗಿಲು ತೆಗೆಸೋ ಕಾಗದ ಇದು. ನಿಂತಿರೋ ಸೈಕಲ್ ಮೇಲೆ ನಾನು ಸಹಿ ಹಾಕಲ್ಲ" ಎಂದು ಎದ್ದರು.

ಕನ್ನಡಕ ಹಾಕಿದವರಿಗೆ ಸೈಕಲ್ ವಿದ್ಯೆ ತಿಳಿಯುವುದಿಲ್ಲ. ನೀನು ಧೈರ್ಯವಾಗಿರು.

ನಿನ್ನ ಮಾವ,
ಚಿರತೆ ಜೈಲೋಸಿ


ಜೋಹಾನ್ಸ್‌ಬರ್ಗ್
೫ ಜುಲೈ ೧೯೯೭

ಮಾವ,

ನೋಡಿದೆಯಾ, ಇಲ್ಲವಾ?

ನಾನು ಅಲ್ಲಿದ್ದರೆ ನಿನ್ನ ಮುಖ ನೋಡಿದರೆ ಸಾಕಿತ್ತು. ಇಲ್ಲಿಂದ ಬರೀ ಅಕ್ಷರ ಕಾಣುತ್ತದೆ. ಅಮ್ಮ ಹೇಳುತ್ತಿದ್ದಳು, ನಿಮ್ಮ ಮಾವನ ಮಾತನ್ನು ಮೊರಕ್ಕೆ ಹಾಕಿ ಕೇರಬೇಕು, ಮುಕ್ಕಾಲು ಹೊಟ್ಟು ಹಾರಿಹೋಗುತ್ತದೆ, ಉಳಿದ ಕಾಲುಪಾಲು ಮಾತ್ರ ಗಟ್ಟಿ ಕಾಳು ಅಂತ. ಆ ಹೊಟ್ಟಿಗೆ ನಾವೆಲ್ಲ ನಕ್ಕೇ ಬೆಳೆದೆವು. ಈಗ ನಗಲಾರೆ.

ಆ ಕಾಲುಪಾಲನ್ನು ಆ ಮುದುಕರ ಮುಂದೆ ಇಡು, ಮಾವ. ಎಷ್ಟು ಸಣ್ಣದಾದರೂ ಇಡು.

ನಿನ್ನ ತಿಸುಂಗೆ


ಚಿಯಾ ದಡ
೨೭ ಜುಲೈ ೧೯೯೭

ತಿಸುಂಗೆ,

ನೋಡಿರಲಿಲ್ಲ.

ನಿನ್ನ ಕಾಗದ ಕೈಗೆ ಬರುವ ಮೊದಲೇ ಇನ್ನೊಂದು ಹುಚ್ಚು ಕೆಲಸ ಮಾಡಿದ್ದೆ. ಕೋರ್ಟಿನ ಮಾವಿನ ಮರದಡಿ ಟೈ ಕಟ್ಟಿದವನೊಬ್ಬ ಸಿಕ್ಕಿ, "ಯಜಮಾನ್ರೇ, ಮುದುಕ ಕೊಡದ ವಾರಂಟು ನಾನ್ ಕೊಡಿಸ್ತೀನಿ, ಇವತ್ತೇ" ಎಂದ. ಸ್ವಲ್ಪ ಹಣ ಹೋಯಿತು, ಆ ಮಾತು ಬಿಡು. ನೀಲಿ ಮೊಹರು, ಕೆಳಗೆ ಹಾವಿನಂಥ ಸಹಿ, ಎಲ್ಲ ಇಂಗ್ಲಿಷು. ಎದೆಗೊತ್ತಿಕೊಂಡು ಸೋಸ್ತೇನಿಯ ಗೇಟಿಗೆ ಹೋಗಿ ಹಿಡಿದೆ. ಗೇಟಿನ ಕಾವಲುಗಾರ ನಿಧಾನವಾಗಿ ಓದಿ, "ಇದರ ಪ್ರಕಾರ ನೀವು ಒಂದು ನಾಯಿ ಸಾಕ್ಬಹುದು" ಎಂದ. ಹಿಂದಿನಿಂದ ಆಳುಗಳೆಲ್ಲ ಬೊಗಳಿದರು. ನಾನು ಸೈಕಲ್ ತಳ್ಳಿಕೊಂಡೇ ಬಂದೆ.

ತಿಯಮೀಕೆಗೆ ಗೊತ್ತಾಯಿತು. ಬೈಯಲಿಲ್ಲ, ಅದೇ ಕಷ್ಟವಾದದ್ದು. "ಹೆದರಿಕೊಂಡು ಅವರನ್ನ ಬೇರೆ ಕಡೆ ಸಾಗಿಸಿಬಿಟ್ರೆ ನಾನೆಲ್ಲಿ ಹುಡುಕಲಿ?" ಎಂದಳು. ಅವಳು ಈ ದಿನಗಳಲ್ಲಿ ಸುಮ್ಮನಿರಲಿಲ್ಲ. ಸಂತೆಯ ದಾರಿಯ ಪಿಕಪ್ ಗಾಡಿಗಳನ್ನೆಲ್ಲ ನಿಲ್ಲಿಸಿ ಕೇಳಿ, ಗಿನಿಕೋಳಿ ಚಿತೆಂಜೆಯವಳನ್ನು ಸೋಸ್ತೇನಿಯ ಕವಲುದಾರಿಯಲ್ಲಿ ಇಳಿಸಿದ ಡ್ರೈವರನನ್ನು ಪತ್ತೆ ಹಚ್ಚಿ, ಹೇಳಿಕೆ ಬರೆಸಿಕೊಂಡಿದ್ದಳು. "ಇದು ಕವಲುದಾರಿವರೆಗೂ ತರುತ್ತೆ. ಗೇಟಿನೊಳಗೆ ಹೋಗೋಕೆ ಇನ್ನೊಂದು ಬೇಕು. ನಿಮ್ಹತ್ರ ನಿಜವಾಗ್ಲೂ ಏನಿದೆ?"

ನಿನ್ನ ಕಾಗದ ಅಂಗಿಯ ಜೇಬಿನಲ್ಲಿತ್ತು. ಹೇಳಿದೆ. ಅವಳು ಬೂಟು ಹಾಕಿಕೊಂಡು, "ನಡೀರಿ ಕೋರ್ಟಿಗೆ" ಎಂದಳು.

ಮಸೇಯ ಅವರು ನನ್ನನ್ನು ನೋಡಿ, "ಸೈಕಲ್ ಬಂತಾ?" ಎಂದರು. ನಾನು ಮತ್ತೆ ಬೈಬಲ್ ಮುಟ್ಟಿದೆ. ಈ ಸಲ ಅದು ಭಾರವಾಗಿತ್ತು.

"ಹೋದ್ಸಲ ಹೇಳಿದ್ದು ಸುಳ್ಳು ಸ್ವಾಮಿ. ನೋಡ್ಲಿಲ್ಲ. ಗೋಡೆ ಪಕ್ಕ ಸೈಕಲ್ ಚೈನು ಕಳಚಿತ್ತು. ಕೂತು ಹಾಕ್ತಿದ್ದೆ. ಒಳಗೆ ಒನಕೆ ಸದ್ದು ಕೇಳಿಸ್ತು."

"ಊರೆಲ್ಲ ಒನಕೆ ಸದ್ದೇ. ಅದ್ರಲ್ಲೇನು?"

"ನಮ್ಮಕ್ಕ ಕುಟ್ಟೋ ರೀತಿ ಬೇರೆ ಸ್ವಾಮಿ."

"ಹೇಗೆ ಬೇರೆ?"

ತಿಸುಂಗೆ, ಹೆಂಗಸರ ಒನಕೆ ಸದ್ದಿಗೆ ಕಿವಿಗೊಟ್ಟು ಕೂತ ಗಂಡಸೆಂದು ನಗುತ್ತಾರೆ ಎನ್ನುವ ನಾಚಿಕೆಗೇ ಅಲ್ಲವೇ ನಾನು ಮೊದಲ ಸಲ ಕಣ್ಣಾರೆ ಕಂಡೆ ಎಂದದ್ದು. ಕಟಕಟೆಯ ಮರದ ಮೇಲೆ ಕೈಯಿಂದ ಬಡಿದು ತೋರಿಸಿದೆ. ಮೂರು ಪೆಟ್ಟು. ಒನಕೆ ಮೇಲೆ ಚಿಮ್ಮಿ ಒಂದು ಚಪ್ಪಾಳೆ. ಹಿಡಿದ ಮೇಲೆ ಒರಳಿನ ಅಂಚಿಗೆ ಒಂದು ಸಣ್ಣ ತಟ್ಟು. ಆ ತಟ್ಟು ನಮ್ಮವ್ವನದು. ಬೆನ್ನ ಮೇಲಿನ ಕೂಸು ಎಚ್ಚರಾದರೆ ಮತ್ತೆ ಮಲಗಲೆಂದು ಹಾಗೆ ತಟ್ಟುತ್ತಿದ್ದಳು. ಅವಳ ಬೆನ್ನ ಮೇಲೆ ನಾನು ಮಲಗಿದ್ದು ಆ ಸದ್ದಿಗೆ. ಅಕ್ಕನ ಬೆನ್ನ ಮೇಲೆ ನೀನು ಮಲಗಿದ್ದೂ ಅದಕ್ಕೇ. ಬಡಿಯುತ್ತ ಬಡಿಯುತ್ತ ನಿಲ್ಲಿಸುವುದು ಮರೆತೆ. ಕೋರ್ಟಿನಲ್ಲಿ ಯಾರೂ ಕಿಸಕ್ಕೆನ್ನಲಿಲ್ಲ.

ಮಸೇಯ ಕೇಳಿದರು: "ಇನ್ನೊಬ್ಬ ಹೆಂಗ್ಸೂ ಹಾಗೇ ಕುಟ್ಟಬಹುದಲ್ಲ?"

ಹಳೇ ಜೈಲೋಸಿ ಆಗಿದ್ದರೆ ಏಳು ದೇಶದಲ್ಲಿ ಇಲ್ಲ ಎನ್ನುತ್ತಿದ್ದ. "ಇರಬಹುದು ಸ್ವಾಮಿ. ಖಂಡಿತ ಅಂತ ಹೇಳಲಾರೆ" ಎಂದೆ. ಎಲ್ಲ ಹಾಳು ಮಾಡಿಕೊಂಡೆ ಎಂದುಕೊಂಡೆ.

ಮುದುಕರು ಪೆನ್ನಿನ ಮುಚ್ಚಳ ತೆಗೆದರು.

"ಖಂಡಿತ ಅನ್ನೋದು ನನಗೆ ಬೇಕಿಲ್ಲ. ನಂಬೋಕೆ ಒಂದು ಕಾರಣ ಬೇಕು. ಡ್ರೈವರ್ ಹೇಳಿದ್ದು ಒಂದು, ಇದೊಂದು" ಎನ್ನುತ್ತ ಬರೆದರು. ಮಗಳೇ, ಆ ಬರೆಯುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಯಾವ ಮನೆ, ಯಾವ ಉಗ್ರಾಣಗಳು, ಯಾರನ್ನು ಹುಡುಕಲು, ಹಗಲು ಹೊತ್ತಿನಲ್ಲಿ ಮಾತ್ರ, ಇಂಥ ಅಧಿಕಾರಿ ಮಾತ್ರ. ಕೊಡುವ ಅಧಿಕಾರಕ್ಕೆ ಸುತ್ತ ಬೇಲಿ ಕಟ್ಟುತ್ತ ಕಟ್ಟುತ್ತಲೇ ಕೊಟ್ಟರು. ಒಂದು ಹಾಳೆ. ನಮ್ಮ ಹಿಟ್ಟಿನ ಮಡಕೆ ಮಗುಚಿದ ದಿನ ಇಂಥದೊಂದು ಹಾಳೆ ಬೇಕಾಗಿತ್ತು ಎನ್ನುವುದು ಅವತ್ತು ನಮಗ್ಯಾರಿಗೂ ಗೊತ್ತಿರಲಿಲ್ಲ.

ಗೇಟಿನ ಆಚೆ ತಿಯಮೀಕೆ ಮತ್ತೆ ದೂರ ನಿಂತು "ಬರಬಹುದಾ?" ಎಂದು ಕೂಗಿದಳು. ಕಾಗದ ಕೈಯಲ್ಲಿತ್ತು, ಆದರೂ ಕೂಗಿದಳು! ಸೋಸ್ತೇನಿ ಬಂದ. ಅವಳು ಪ್ರತಿ ಸಾಲನ್ನೂ ನಮ್ಮ ಮಾತಿನಲ್ಲಿ ಓದಿ ಹೇಳಿ, ಕಾಗದವನ್ನು ಅವನ ಕೈಗೇ ಕೊಟ್ಟು, ಅವನು ಓದಿ ಮುಗಿಸುವ ತನಕ ಕಾದಳು. ಸರ್ಕಾರ ಒಬ್ಬನ ಬಾಗಿಲಾಚೆ ಬಿಸಿಲಲ್ಲಿ ನಿಂತು ಕಾಯುವುದನ್ನು ಈ ಕಣ್ಣಿನಿಂದ ನೋಡಿದೆ. ಇದು ನಿಜವಾಗಿಯೂ ನೋಡಿದ್ದು.

ಒಳಗೆ ನಾನೊಂದು ತಗಡಿನ ಪೆಟ್ಟಿಗೆ ಕಂಡು "ತೆಗೀರಿ ಅದನ್ನ, ಅದರೊಳಗೇನೋ ಇದೆ!" ಎಂದು ಹಾರಿದೆ.

"ನಿಮ್ಮಕ್ಕ ಅದ್ರೊಳಗೆ ಹಿಡೀತಾರಾ?"

"ಇಲ್ಲ, ಆದ್ರೆ—"

"ಹಂಗಾದ್ರೆ ಅದನ್ನ ಮುಟ್ಟೋ ಹಕ್ಕು ನನಗಿಲ್ಲ. ಬನ್ನಿ."

ಅದನ್ನು ಕೇಳಿದ ಮೇಲೆ, ಅಷ್ಟು ಹೊತ್ತು ಬಿಗಿದುಕೊಂಡಿದ್ದ ಸೋಸ್ತೇನಿಯ ಹೆಗಲು ಇಳಿಯಿತು. "ಹಿಂದ್ಗಡೆ ಉಗ್ರಾಣದ ಆಚೆ ಇದಾರೆ" ಎಂದ.

ಕವಲುದಾರಿಯಲ್ಲಿ ಅಳುತ್ತ ಕೂತಿದ್ದವಳನ್ನು ಅವನ ಹೆಂಡತಿ ಕರೆತಂದಿದ್ದಳಂತೆ. ಹೆಸರು ಕೇಳಿದರೆ ಹೇಳಲಿಲ್ಲ, ಊರು ಗೊತ್ತಿರಲಿಲ್ಲ. ಜನರನ್ನು ಕದ್ದು ಮಾರುತ್ತಾರೆ ಎನ್ನುವ ಪುಕಾರು ಆಗ ಎಲ್ಲೆಲ್ಲೂ. "ಹೆಸರಿಲ್ಲದ ಹೆಂಗಸು ನಮ್ಮನೇಲಿದಾಳೆ ಅಂದ್ರೆ ಊರವರು ಮನೆಗೆ ಬೆಂಕಿ ಹಾಕ್ತಿದ್ರು ಸಾಹೇಬ್ರೇ" ಎಂದ. ಪುಕ್ಕಟೆಗೆ ಕುಟ್ಟುವ ಕೈ ಸಿಕ್ಕಿತ್ತು ಎನ್ನುವುದನ್ನು ಅವನು ಹೇಳಲಿಲ್ಲ. ಅದನ್ನು ತಿಯಮೀಕೆ ಬರೆದುಕೊಂಡಿದ್ದಾಳೆ, ಅದರ ವಿಚಾರಣೆ ಬೇರೆ.

ನಿಮ್ಮಮ್ಮ ಒರಳಿನ ಮುಂದೆ ನಿಂತಿದ್ದಳು. ಒರಳಿನಲ್ಲಿ ಕಾಳಿರಲಿಲ್ಲ. ಸುಮ್ಮನೆ ಕುಟ್ಟುತ್ತಿದ್ದಳು. ನನ್ನ ಹಿಂದಿನ ಖಾಕಿ ಬಟ್ಟೆ ಕಂಡು ಒನಕೆ ಎದೆಗೊತ್ತಿಕೊಂಡು ಗೋಡೆಗೆ ಸರಿದಳು. "ಹಿಟ್ಟು ಚೆಲ್ಲಬೇಡಿ, ಚೀಟಿ ಇದೆ, ಚೀಟಿ ಇದೆ" ಎಂದಳು.

ತಿಯಮೀಕೆ ಟೋಪಿ ತೆಗೆದು ಪೇದೆಯ ಕೈಗಿತ್ತಳು. ಬೂಟು ಬಿಚ್ಚಿದಳು. ಅಲ್ಲೇ ದೂರದಲ್ಲಿ ಮಣ್ಣಿನ ಮೇಲೆ ಮಂಡಿಯೂರಿ, ಸಣ್ಣ ಹುಡುಗಿ ದೊಡ್ಡವರ ಅಂಗಳದಲ್ಲಿ ಕೂಗುವ ಹಾಗೆ, "ಅಮ್ಮಾ, ಬರಬಹುದಾ?" ಎಂದಳು.

ನಿಮ್ಮಮ್ಮ ಅವಳ ಬರಿಗಾಲು ನೋಡಿದಳು. ಆಮೇಲೆ ಒನಕೆ ಕೆಳಗಿಟ್ಟಳು.

"ಬಾ ಮಗಳೇ" ಎಂದಳು.

ನಿನ್ನ ಮಾವ,
ಜೈಲೋಸಿ


ಜೋಹಾನ್ಸ್‌ಬರ್ಗ್
೬ ಆಗಸ್ಟ್ ೧೯೯೭

ಮಾವ,

ಇದನ್ನು ಬರೆಯುವ ಮೊದಲು ಮೂರು ಹಾಳೆ ಹರಿದು ಹಾಕಿದೆ. ನಿನ್ನ ಕೈಗೆ ಮುತ್ತು ಕೊಡಬೇಕು, ಕಟಕಟೆ ಬಡಿದ ಕೈಗೆ. ಆ ತಟ್ಟು ನನಗೆ ಮರೆತೇ ಹೋಗಿತ್ತು. ನಿನ್ನ ಕಾಗದ ಓದಿ, ಇಸ್ತ್ರಿ ಮೇಜಿನ ಮೇಲೆ ಬೆರಳಿಂದ ಬಡಿದು ನೋಡಿದೆ. ಪಕ್ಕದವಳು ಏನದು ಅಂದಳು. ನಿದ್ದೆ ಅಂದೆ.

ದೊಡ್ಡಾಸ್ಪತ್ರೆಯಲ್ಲಿ ಏನಂದರು? ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಬಸ್ಸಿನ ಡ್ರೈವರ್ ನೀನು ಯಾರ ಹತ್ತಿರವೋ ಕೈಸಾಲ ಕೇಳುತ್ತಿದ್ದೆ ಅಂದ. ನಾನು ಕಳಿಸಿದ್ದು ಏನಾಯಿತು? ಟೈ ಕಟ್ಟಿದವನ ವಿಷಯದಲ್ಲಿ ಸ್ವಲ್ಪ ಹಣ ಅಂತ ಬರೆದಿದ್ದೀಯ.

ಮೊರಕ್ಕೆ ಹಾಕಿ ಕೇರಿ ಕಳಿಸು.

ತಿಸುಂಗೆ


ಚಿಯಾ ದಡ
೨೪ ಆಗಸ್ಟ್ ೧೯೯೭

ತಿಸುಂಗೆ,

ಅಕ್ಕ ಮನೆಯಲ್ಲಿದ್ದಾಳೆ. ಕೆಲವು ಹೊತ್ತು ನನ್ನನ್ನು ಗುರುತಿಸುತ್ತಾಳೆ, ಕೆಲವು ಹೊತ್ತು ನಮ್ಮಪ್ಪ ಎಂದುಕೊಂಡು ತಲೆಗೆ ಸೆರಗು ಎಳೆದುಕೊಳ್ಳುತ್ತಾಳೆ. ನ್ಸಿಮಾ ಮುದ್ದೆ ಚೆನ್ನಾಗಿ ತಿನ್ನುತ್ತಾಳೆ. ನಿನ್ನೆ ನಿನ್ನ ಹೆಸರು ಹೇಳಿದಳು. ಮೇಕೆ ಹತ್ತಿರದಲ್ಲೆಲ್ಲೂ ಇರಲಿಲ್ಲ, ನಾನು ಖಚಿತ ಮಾಡಿಕೊಂಡೆ.

ತಿಯಮೀಕೆ ಭಾನುವಾರ ಖಾಕಿ ಇಲ್ಲದೆ ಬಂದಿದ್ದಳು. ಅಕ್ಕನ ಪಕ್ಕ ಕೂತು ಜೋಳ ಬಿಡಿಸಿದಳು. "ಆ ಮುದುಕರು ನಿಮ್ಮನ್ನ ಮೊದಲ್ನೇ ಸಲಾನೇ ನಂಬಿಬಿಟ್ಟಿದ್ರೆ ಯಜಮಾನ್ರೇ, ನಾಳೆ ಇನ್ನೊಬ್ಬ ನಿಮ್ಮಂಥವನ ಮಾತು ನಂಬಿ ನಿಮ್ಮನೆ ಬಾಗಿಲಿಗೂ ಬರ್ತಿದ್ರು" ಎಂದಳು. ನನ್ನಂಥವನು ಇನ್ನೊಬ್ಬ ಇಲ್ಲ ಎನ್ನಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ದೊಡ್ಡಾಸ್ಪತ್ರೆಗೆ ಇನ್ನೂ ಹೋಗಿಲ್ಲ. ಬೋಮಾದ ಡಾಕ್ಟರು ನೋಡಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ರಾಜಧಾನಿಯಲ್ಲಿ ಮಿದುಳು ನೋಡುವವರಿಗೆ ತೋರಿಸಿ ಎಂದಿದ್ದಾರೆ. ಅವಳಿ ಮರಿಗಳನ್ನು ಮಾರಿದೆ. ಮುಂದಿನ ವಾರ ಬಸ್ಸು ಹತ್ತುತ್ತೇವೆ. ಬಲೆ ಹೊಲಿದ ಕೂಲಿಯೂ ಬರಬೇಕಿದೆ, ಸಾಕಾಗುತ್ತದೆ.

ಇನ್ನು ನೀನು ಕೇಳಿದ್ದು. ಇಲ್ಲಿ ಬೈಬಲ್ ಇಲ್ಲ, ಅಕ್ಕನ ಒರಳಿನ ಮೇಲೆ ಕೈಯಿಟ್ಟು ಬರೆಯುತ್ತಿದ್ದೇನೆ. ಎಷ್ಟು ಹಣ ಹೋಯಿತೆಂದು ಊರಿನಲ್ಲಿ ಕೇಳಿದವರಿಗೆ ಐವತ್ತು ಕ್ವಾಚಾ ಎಂದಿದ್ದೇನೆ. ತಿಯಮೀಕೆಗೆ ಇನ್ನೂರು ಎಂದೆ. ನೀನು ಕಳಿಸಿದ್ದು ಪೂರ್ತಿ ಆ ಟೈ ಕಟ್ಟಿದವನಿಗೇ ಹೋಯಿತು, ಮಗಳೇ. ಎಂಟುನೂರ ಐವತ್ತು ಕ್ವಾಚಾ.

ಮೊಹರಿಗೆಂದು ಒಂದು ಕೋಳಿ, ಅದು ಬೇರೆ.

ಜೈಲೋಸಿ